‘ಎ’ ದಾಟದ ಇಂಗ್ಲಿಷು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಗೆ ಕೈ ಹಾಕಿ ನೋಡಿ, ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ ಸಿಕ್ಕೇ ಸಿಗುತ್ತದೆ. ಇಂಗ್ಲಿಷ್ ಪದಸಂಪತ್ತು ಬೆಳೆಸಲೆಂದು 1949ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕ. ನಮ್ಮ ಫುಟ್‌ಪಾತಿನಲ್ಲಿ ಅದಕ್ಕಿನ್ನೂ ಮುಪ್ಪು ಬಂದಿಲ್ಲ. ಹಳೇ ಪ್ರತಿಯೊಂದನ್ನು ತೆರೆಯಿರಿ. ಮನುಷ್ಯರ ಸ್ವಭಾವ ಹೇಳುವ ಪಾಠದಲ್ಲಿ ಈಗೋಯಿಸ್ಟ್, ಇಂಟ್ರೊವರ್ಟ್, ಮಿಸಾಂತ್ರೋಪ್‌ಗಳ ಕೆಳಗೆ ಕೆಂಪು ಗೆರೆ, ನೀಲಿ ಗೆರೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡ ಅರ್ಥ. ಡಾಕ್ಟರುಗಳ ಪಾಠಕ್ಕೆ ಬರುವಷ್ಟರಲ್ಲಿ ಗೆರೆ ವಿರಳ. ಅಲ್ಲಿಂದಾಚೆಗೆ ಹಾಳೆಗಳೆಲ್ಲ ಮಡಿಕೆ ಬಿಚ್ಚದ ರೇಷ್ಮೆ ಸೀರೆಯ ಹಾಗೆ ಗರಿಗರಿ!

ವಿದೇಶದಲ್ಲಿ ಓದಲೆಂದು ಜಿಆರ್‌ಇ ಪರೀಕ್ಷೆ ಬರೆಯುವವರ ಕಥೆಯೂ ಇದೇ. ಬ್ಯಾರನ್ಸ್ ಗೈಡಿನ ಪದಪಟ್ಟಿ ಹಿಡಿದವರೆಲ್ಲ ಅಬೇಸ್, ಅಬ್ಯಾಶ್, ಅಬೇಟ್‌ಗಳಲ್ಲಿ ಘನಪಂಡಿತರು. ‘ಎ’ ಮುಗಿಯುವಷ್ಟರಲ್ಲಿ ಉತ್ಸಾಹವೇ ಅಬೇಟ್ ಆಗಿರುತ್ತದೆ. ಹೋಗಲಿ, ಉರು ಹೊಡೆದದ್ದನ್ನು ಖರ್ಚು ಮಾಡಲು ಜಾಗವಾದರೂ ಬೇಕಲ್ಲ? ಆಟೋದವನಿಗೆ ‘ನಿಮ್ಮ ಮೀಟರು ಅಬೆರಂಟ್ ಆಗಿದೆ’ ಅಂದು ನೋಡಿ, ‘ಒನ್ ಅಂಡ್ ಹಾಫ್ ಕೊಡಿ ಸಾರ್’ ಅನ್ನುತ್ತಾನೆ. ಮನೆಯಲ್ಲಿ ‘ಅಮ್ಮಾ, ಯಾಕೆ ಇಷ್ಟು ಟ್ಯಾಸಿಟರ್ನ್ ಆಗಿದ್ದೀಯ?’ ಅಂದರೆ, ‘ನಂಗೇನೂ ಆಗಿಲ್ಲ ಕಣೋ, ನೀನು ಸರಿಯಾಗಿ ನಿದ್ದೆ ಮಾಡು’ ಎಂಬ ಉತ್ತರ.

ದೊಡ್ಡ ಪದಗಳ ಈ ಖಯಾಲಿಗೆ ನಮ್ಮಲ್ಲಿ ರಾಜಮರ್ಯಾದೆ ತಂದವರು ಲೇಖಕ, ರಾಜಕಾರಣಿ ಶಶಿ ತರೂರ್. 2017ರಲ್ಲಿ ಅವರು ‘ಫರಾಗೊ’ ಎಂದು ಟ್ವೀಟ್ ಮಾಡಿದ್ದೇ ತಡ, ಜನ ಡಿಕ್ಷನರಿಗೆ ಮುಗಿಬಿದ್ದರು. ಮರುವರ್ಷ ಇಂಗ್ಲಿಷಿನ 29 ಅಕ್ಷರಗಳ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಬಿಟ್ಟರು. ಅದನ್ನು ಒಂದೇ ಉಸಿರಿಗೆ ಒದರುವ ಭಾವಮೈದುನರು ಈಗ ಮದುವೆಮನೆಗೊಬ್ಬರು ಇದ್ದಾರೆ. ಅರ್ಥ ಕೇಳಿದರೆ ಜೇಬಿನಿಂದ ಫೋನ್ ತೆಗೆಯುತ್ತಾರೆ. ತರೂರರಿಗೆ ಪದಗಳು ಒಲಿದದ್ದು ಪುಸ್ತಕ ಓದಿ ಓದಿ. ಆ ಭಾಗವನ್ನು ಮಾತ್ರ ಯಾರೂ ಅನುಕರಿಸುವುದಿಲ್ಲ!

ಇಷ್ಟಕ್ಕೂ ಉರು ಹೊಡೆದದ್ದು ತಲೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಪುಣ್ಯಾತ್ಮ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟು, 1885ರಲ್ಲಿ ಪುಸ್ತಕ ಬರೆದ. ಒಂದು ದಿನ ಕಳೆಯುವಷ್ಟರಲ್ಲಿ ಬಹುಪಾಲು ಸೋರಿಹೋಗಿರುತ್ತಿತ್ತು. ಹಿಂದಿಲ್ಲ ಮುಂದಿಲ್ಲದ ಪದಪಟ್ಟಿ ಬಾಯಿಪಾಠ ಮಾಡುವ ನಮ್ಮ ಹುಡುಗರು ಅದೇ ಪ್ರಯೋಗವನ್ನು ಫೀಸು ಕಟ್ಟಿ ಮಾಡುತ್ತಿದ್ದಾರೆ, ಅಷ್ಟೇ. ಕೊನೆಗೆ ಜಿಆರ್‌ಇಯವರಿಗೂ ಬುದ್ಧಿ ಬಂತು: 2011ರಲ್ಲಿ ವಿರುದ್ಧಪದ ಕೇಳುವ ಪ್ರಶ್ನೆಗಳನ್ನೇ ಕಿತ್ತುಹಾಕಿದರು. ಈಗ ವಾಕ್ಯ ಕೊಟ್ಟು, ಅಲ್ಲಿಗೆ ಹೊಂದುವ ಪದ ಯಾವುದು ಎಂದು ಕೇಳುತ್ತಾರೆ.

ಆದ್ದರಿಂದ ಸ್ವಾಮಿ, ಪಟ್ಟಿ ಮಡಚಿಡಿ. ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿ. ಅದೇ ಪದ ಮತ್ತೆ ಮತ್ತೆ ಎದುರಾದರೆ ಗುರುತು ತಾನಾಗಿ ಹತ್ತುತ್ತದೆ. ಅಷ್ಟಾದ ಮೇಲೂ ನಾಲ್ಕು ಜನರ ಮುಂದೆ ದೊಡ್ಡ ಪದ ಎಸೆಯಲೇಬೇಕು ಅನ್ನಿಸಿದರೆ ಧಾರಾಳವಾಗಿ ಎಸೆಯಿರಿ; ಕೇಳಿದವರಿಗೆ ಫೋನ್ ನೋಡದೆ ಅರ್ಥ ಹೇಳುವ ಧೈರ್ಯ ಇದ್ದರಾಯಿತು.