ಆರಿದ್ರಾ ಮಳೆಗೆ ಶೂ ಹಾಕಿಸಿದವರಿಗೆ

ಮಾನ್ಯ ಮುಖ್ಯೋಪಾಧ್ಯಾಯರಿಗೆ,

ವಿಷಯ: ಮಳೆಗಾಲದಲ್ಲೂ ಕಪ್ಪು ಶೂ, ಬಿಳಿ ಸಾಕ್ಸ್ ಕಡ್ಡಾಯ ಮಾಡಿದ್ದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ.

ಶಿಸ್ತು ಎಂದರೇನೆಂದು ತೀರ್ಥಹಳ್ಳಿ ಸೀಮೆಯ ನಮಗೆ ಗೊತ್ತಿರಲಿಲ್ಲ. ಆಗುಂಬೆ ಕಡೆಯಿಂದ ಬರುವ ನಾವು, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯಲ್ಲಿ ರಬ್ಬರ್ ಚಪ್ಪಲಿ ಮೆಟ್ಟಿ, ಕೆಸರು ಸಿಕ್ಕಲ್ಲಿ ಅದನ್ನೂ ಕೈಗೆತ್ತಿಕೊಂಡು, ಶಾಲೆಯ ಜಗುಲಿಯಲ್ಲಿ ಕಾಲು ತೊಳೆದು ಒಳಗೆ ಬರುವ ಅನಾಗರಿಕರಾಗಿದ್ದೆವು. ಈಗ ಸಂಕ ದಾಟುವಷ್ಟರಲ್ಲಿ ಶೂ ತುಂಬಿರುತ್ತದೆ. ಒಳಗೆ ಸೇರಿದ ನೀರು ಸಂಜೆಯ ಬೆಲ್ ಹೊಡೆಯುವವರೆಗೆ ಹೊರಗೆ ಕಾಲಿಡುವುದಿಲ್ಲ. ಅದೂ ಶಿಸ್ತು ಕಲಿತಿದೆ.

ಮೊದಲ ಪಿರಿಯಡ್ಡಿನಲ್ಲಿ ಇಡೀ ಹತ್ತನೇ ತರಗತಿ ಬಚ್ಚಲೊಲೆಯ ಹೊಗೆ ನಾರುತ್ತದೆ. ಎಲ್ಲರ ಸಾಕ್ಸೂ ರಾತ್ರಿಯಿಡೀ ನೇತಾಡಿದ್ದು ಅಲ್ಲೇ. ಹೊಗೆ ಹಿಡಿದು ಕಂದಾದ ಸಾಕ್ಸಿಗೆ ಬೇರೆ ದಂಡವಿದೆ, ಹತ್ತು ರೂಪಾಯಿ. ಇಂಬಳ ಸಾಕ್ಸಿನೊಳಗೆ ಹೊಕ್ಕರೆ ಪ್ರಾರ್ಥನೆ ಮುಗಿಯುವವರೆಗೆ ಬಗ್ಗುವಂತಿಲ್ಲ, ನಾವು ‘ಸಾವಧಾನ್’ನಲ್ಲಿರುತ್ತೇವೆ. ಇಂಬಳಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಬೆರಳ ಸಂದಿಯ ಕೆಸರುಹುಣ್ಣು ತೋರಿಸಿದಾಗ ಡಾಕ್ಟರು, “ಕಾಲು ಒಣಗಿಸಿ ಇಟ್ಕೋಬೇಕಮ್ಮ” ಅಂದರು. ಪಾಪ, ಅವರು ಬಯಲುಸೀಮೆಯವರು.

ತಾವೂ ಸಿಬ್ಬಂದಿಯವರೂ ಜೂನ್ ಹುಟ್ಟಿದ್ದೇ ಪ್ಲಾಸ್ಟಿಕ್ ಚಪ್ಪಲಿಗೆ ಬದಲಾಗುವುದನ್ನು ತ್ಯಾಗವೆಂದೇ ಬಗೆದಿದ್ದೇವೆ. ಶಿಸ್ತಿನ ಪುಣ್ಯವೆಲ್ಲ ಮಕ್ಕಳಿಗೇ ಸಿಗಲಿ ಎಂಬ ದೊಡ್ಡ ಮನಸ್ಸು ತಮ್ಮದು.

ನನ್ನ ತಮ್ಮ ಸರ್ಕಾರಿ ಶಾಲೆಯವನು. ಅಲ್ಲಿ ಶೂ, ಸಾಕ್ಸಿಗೆಂದು ಬರುವ ದುಡ್ಡಿನಲ್ಲಿ ಹವಾಮಾನ ನೋಡಿಕೊಂಡು ಚಪ್ಪಲಿ ಕೊಡಿಸಲೂ ಅವಕಾಶವಿದೆ. ವಕೀಲರಿಗೂ ಅಷ್ಟೆ: ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟರೆ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲ. ಅಂದರೆ ಕೊಲೆ ಕೇಸು ಕೋಟಿಲ್ಲದೆ ನಡೆದೀತು, ಹತ್ತನೇ ತರಗತಿಯ ಬೀಜಗಣಿತ ಶೂ ಇಲ್ಲದೆ ನಡೆಯದು. ವಿಷಯದ ಗಾಂಭೀರ್ಯ ಹಾಗಿದೆ.

ಈ ಶೂ ನಿಯಮವನ್ನು ಪ್ರಶ್ನಿಸಿದರೆ ಹೇಗೆ ಎಂಬ ಕೆಟ್ಟ ಯೋಚನೆ ನನಗೆ ಬಂದದ್ದುಂಟು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಅನ್ನುತ್ತದೆ. ಆದರೆ ಆ ಕಾಯ್ದೆ 6ರಿಂದ 14 ವರ್ಷದವರಿಗೆ. ನನಗೆ ಹದಿನೈದು ತುಂಬಿತು. ಹಿಂಸೆ ಯಾವುದೆಂದು ಗುರುತಿಸುವಷ್ಟು ಬುದ್ಧಿ ಬಂದದ್ದೇ ಕಾಯ್ದೆ ಕೈಬಿಟ್ಟಿತು. ಹಾಗೆಂದು ಶಾಲೆಯನ್ನು ಪ್ರಶ್ನಿಸಿ ಗೆದ್ದ ಮಕ್ಕಳೂ ಇದ್ದಾರೆ: ಕೇರಳದಲ್ಲಿ 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಗೆ ಹಾಕಿದ್ದರಂತೆ. ಮರುವರ್ಷ ಸುಪ್ರೀಂ ಕೋರ್ಟು ಅವರನ್ನು ವಾಪಸು ಸೇರಿಸಿಕೊಳ್ಳಲು ಹೇಳಿತು. ಇದನ್ನು ಅಮ್ಮನಿಗೆ ಓದಿ ಹೇಳಿದೆ. “ದೆಲ್ಲಿಗೆ ಇಲ್ಲಿಂದ ಬಸ್ಸಿಲ್ಲ ಮಾರಾಯ್ತಿ, ಸುಮ್ನೆ ಶೂ ಹಾಕ್ಕಂಡು ಹೋಗು” ಅಂದಳು.

ಅಮ್ಮನ ಭಯ ಬಸ್ಸಿನದಲ್ಲ, ಅಂಕದ್ದು. ಎಸ್ಸೆಸ್ಸೆಲ್ಸಿಯ 625ರಲ್ಲಿ 125 ಆಂತರಿಕ ಮೌಲ್ಯಮಾಪನದ್ದು, ಅಂದರೆ ಶಾಲೆಯ ಪೆನ್ನಿನಲ್ಲಿರುವುದು. ಅದರ ಮೇಲೆ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಕಾಲಂ ಬೇರೆ. ಚಪ್ಪಲಿ ಕೇಳಿದವಳ ನಡತೆ ಹೇಗಿತ್ತೆಂದು ಬರೆಯುತ್ತೀರೋ! ನಿಜ ಹೇಳಬೇಕೆಂದರೆ ಯಾರೂ ನಮ್ಮನ್ನು ಹೆದರಿಸಿಲ್ಲ. ಹೆದರಿಸುವ ಅಗತ್ಯವೇ ಬಿದ್ದಿಲ್ಲ, ಲೆಕ್ಕ ನಮಗೇ ಬರುತ್ತದೆ.

ಹಾಗಾಗಿ ಅರ್ಜಿ ಬರೆಯಬೇಕೋ ಬೇಡವೋ ಎಂದು ತರಗತಿಯಲ್ಲಿ ಚರ್ಚೆ ನಡೆಯಿತು. ಬೇಡಿಕೆಯ ಬಗ್ಗೆ ಯಾರದ್ದೂ ತಕರಾರಿಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಆಮೇಲೆ ಶೂ. ಜಗಳವೆಲ್ಲ ಮೊದಲ ಸಹಿ ಯಾರದೆಂಬುದಕ್ಕೆ. ಕಡೆಗೆ ಗಣಿತದವರು ಹೇಳಿಕೊಟ್ಟದ್ದು ಉಪಯೋಗಕ್ಕೆ ಬಂತು. ಹಾಳೆಯ ನಡುವೆ ಬೇಡಿಕೆ ಬರೆದು, ಸುತ್ತ ಕೈವಾರದಲ್ಲಿ ವೃತ್ತ ಎಳೆದು, ಸಹಿಗಳನ್ನೆಲ್ಲ ಅದರ ಮೇಲೆ ಹಾಕಿದ್ದೇವೆ. ಮೊದಲು, ಕೊನೆ ಎರಡೂ ಇಲ್ಲ. ಸೋಮವಾರ ತಮ್ಮ ಮೇಜಿಗೆ ಬರುತ್ತದೆ. ಮಳೆಯೆಂದು ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಮಂಗಳವಾರ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
(ಹೆಸರು: ಆಂತರಿಕ ಅಂಕ ಬಂದ ಮೇಲೆ)