ಹಾಡಿಗೊಂದು ಕಪಾಟು

ಹಲಸಂಗಿಗೆ ಹೊರಗಿನಿಂದ ಬರುವವರಲ್ಲಿ ಎರಡು ಬಗೆ. ಬೀಗರ ಮನೆಗೆ ಬರುವವರು ಒಂದು, ಪುಸ್ತಕ ಓದಿ ಬರುವವರು ಇನ್ನೊಂದು. ಮೊದಲಿನವರು ದಾರಿ ಕೇಳುವ ಪ್ರಸಂಗವೇ ಇಲ್ಲ. ಅವರು ಬರುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ. ಎರಡನೆಯವರು ಬಸ್ಸಿನಿಂದಿಳಿದು, ಹೆಗಲ ಚೀಲ ಸರಿಮಾಡಿಕೊಂಡು, ಚಹಾದಂಗಡಿ ಮುಂದೆ ನಿಂತು, "ಇಲ್ಲಿ ಹಲಸಂಗಿ ಗೆಳೆಯರದು ಏನೇನು ನೋಡಬಹುದು?" ಅಂತ ಕೇಳುತ್ತಾರೆ. ಚಹಾದಂಗಡಿಯವನು ಸಜ್ಜನ. "ಅವ್ರೆಲ್ಲಾ ಹೋಗಿ ಭಾಳ ದಿನಾತ್ರೀ. ಚಾ ಕುಡೀರಿ" ಅನ್ನುತ್ತಾನೆ.

ಓದಿ ಬಂದವರದು ತಪ್ಪೇನಿಲ್ಲ. ಈ ಸೀಮೆಯ ಹೆಂಗಸರು ನಸುಕಿನಲ್ಲಿ ಜೋಳ ಬೀಸುತ್ತ ಹೇಳಿಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂದವು. ಬಿ.ಎಂ.ಶ್ರೀ ಅಂಥವರು ಮುನ್ನುಡಿ ಬರೆದರು. ಕೂಡಿಸಿದವರು ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾ ಮೊದಲಾದ ಗೆಳೆಯರು. ಮುಂದೆ ಲಾವಣಿಗಳ 'ಜೀವನ ಸಂಗೀತ', ಆಮೇಲೆ 'ಮಲ್ಲಿಗೆ ದಂಡೆ'. ಕನ್ನಡ ನಾಡಿಗೆ ಜಾನಪದ ಎಂಬುದೊಂದು ಇದೆ ಎಂದು ಗೊತ್ತು ಮಾಡಿಕೊಟ್ಟವರಲ್ಲಿ ಇವರು ಮೊದಲ ಸಾಲಿನವರು. ಅಂಥ ಊರಿಗೆ ಬಂದವರಿಗೆ ಏನಾದರೂ ನೋಡಬೇಕು ಅನ್ನಿಸುತ್ತದೆ. ಆದರೆ ಆ ಗೆಳೆಯರು ಕೂಡಿಸಿದ್ದು ಕೇಳುವಂಥದ್ದು.

"ಒಂದು ಮ್ಯೂಸಿಯಂ ಆಗಬೇಕ್ರಿ ಮಾಸ್ತರ" ಎಂಬ ಮಾತು ಹುಟ್ಟಿದ್ದು ಹೀಗೆ. ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಿವೃತ್ತ ಮಾಸ್ತರನನ್ನು ಕಂಡರೆ ನಮ್ಮ ಕಡೆ ಜನಕ್ಕೆ ಇಂಥ ಕೆಲಸಗಳೇ ನೆನಪಾಗುತ್ತವೆ. ಮೊದಲ ಮಾತುಕತೆ ಗುಡಿಯ ಕಟ್ಟೆಯ ಮೇಲೆ ನಡೆಯಿತು. ಕಟ್ಟಡವಿಲ್ಲ, ಜಾಗವಿಲ್ಲ, ರೊಕ್ಕವಂತೂ ಇಲ್ಲವೇ ಇಲ್ಲ; ಆದರೂ ಒಳಗೆ ಯಾರ ಫೋಟೋ ಎಲ್ಲಿ ತೂಗಹಾಕಬೇಕು ಎಂಬ ಚರ್ಚೆ ದೀಪ ಹಚ್ಚುವ ಹೊತ್ತಿನ ತನಕ ನಡೆಯಿತು. ನಡುವೆ ಮಧುರಚೆನ್ನರೇ ಇರಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಲಿಂಗಣ್ಣನವರು ಚಡಚಣದಲ್ಲಿ ಹುಟ್ಟಿದವರು, ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಅವರನ್ನು ಮೂಲೆಗೆ ಹಾಕಿದರೆ ಚಡಚಣದವರು ಸುಮ್ಮನಿರುತ್ತಾರೆಯೇ? ರೇವಪ್ಪನವರು ಎಡಕ್ಕೋ ಬಲಕ್ಕೋ? ಧೂಲಾ ಅವರು ಕೆಳಗಾದರೆ ನಾಳೆ ಯಾರಾದರೂ ಅದಕ್ಕೆ ಬೇರೆ ಅರ್ಥ ಕಟ್ಟಿದರೆ? ಜಾತಿ ಮತ ನೋಡದೆ ಹಾಡು ಕೂಡಿಸಿದ ಗೆಳೆಯರನ್ನು ಗೋಡೆಗೆ ಏರಿಸುವಾಗ ಎಲ್ಲವನ್ನೂ ನೋಡಬೇಕಾಗಿ ಬಂದದ್ದು ನಮ್ಮ ಕಾಲದ ಮಹಿಮೆ. ಕೊನೆಗೆ ಒಬ್ಬ ಹುಡುಗ, "ವಾಟ್ಸಾಪ್ ಗ್ರೂಪಿನ ಡಿಪಿ ಹಂಗ ನಾಕೂ ಮಂದೀದು ಒಂದರಾಗ ಹಾಕಿಬಿಡ್ರಿ" ಅಂದ. ಹಿರಿಯರು ಒಪ್ಪಿದರು.

ಅರ್ಜಿ ಎಲ್ಲಿಗೆ ಬರೆಯಬೇಕು ಎಂಬುದು ಮುಂದಿನದು. ಊರು ಮೊದಲಿನಿಂದ ಇಂಡಿ ತಾಲೂಕಿನದು. ಈಗ ಚಡಚಣವೇ ತಾಲೂಕಾಗಿದೆ. ಹಾಡು ಬರೆದುಕೊಳ್ಳುವ ಕಾಲಕ್ಕೆ ಇದು ಮುಂಬಯಿ ಇಲಾಖೆ. 1953ರಲ್ಲಿ ಮಧುರಚೆನ್ನರು ತೀರಿಕೊಂಡಾಗಲೂ ನಾವು ಮುಂಬಯಿಯವರೇ. 1956ರ ನವೆಂಬರದಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಊರು ಕೂತಲ್ಲೇ ಕೂತಿದೆ, ದಫ್ತರ ಮಾತ್ರ ಊರೂರು ತಿರುಗಿದೆ. ಹೀಗಾಗಿ ನಮ್ಮ ಹಳೆಯ ಮನೆಗಳ ಟ್ರಂಕಿನಲ್ಲಿ ಇರುವ ಕಾಗದಗಳಲ್ಲಿ ಎಷ್ಟೋ ಮರಾಠಿಯ ಮೋಡಿ ಲಿಪಿಯವು. ಓದುವವರು ಈಗ ಸಿಗುವುದು ಕಷ್ಟ. ನಾನು ಒಂದು ಮನೆಯಲ್ಲಿ ಅಂಥ ಕಟ್ಟೊಂದನ್ನು ಕಂಡು, ಮ್ಯೂಸಿಯಮ್ಮಿಗೆ ಕೊಡಿ, ಬಲ್ಲವರಿಂದ ಓದಿಸೋಣ ಅಂದೆ. ಯಜಮಾನ ಗಾಬರಿಯಾದ. "ಇಡೂದಾದ್ರ ಇಡ್ರಿ ಮಾಸ್ತರ, ಓದಸಬ್ಯಾಡ್ರಿ. ನಮ್ಮ ಹೊಲ ಅಣ್ಣತಮ್ಮಕಿಯವ್ರ ಹೆಸರಿಲೆ ಇತ್ತಂದ್ರ ಏನ ಮಾಡೂದು?"

ಇತಿಹಾಸದ ಬಗ್ಗೆ ಇಷ್ಟು ನಿಜವಾದ ಭಯಭಕ್ತಿಯನ್ನು ನಾನು ಇತಿಹಾಸದ ಪ್ರಾಧ್ಯಾಪಕರಲ್ಲಿಯೂ ಕಂಡಿಲ್ಲ.

ಮ್ಯೂಸಿಯಂ ಅಂದರೆ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲೇ ಇಂಗ್ರೇಜಿಯವರು ಒಂದನ್ನು ತೆರೆದರು. ನಗಾರಿ ಬಾರಿಸಬೇಕಾದ ಕಟ್ಟಡದಲ್ಲಿ ಈಗ ಮೆಲ್ಲಗೆ ಮಾತಾಡಬೇಕು. ಅಲ್ಲಿ ಶಾಸನ, ಕತ್ತಿ, ರತ್ನಗಂಬಳಿ, ಚೀನಾದ ಪಿಂಗಾಣಿ ಎಲ್ಲ ಇವೆ. ಬಾದಶಹರ ಸಾಮಾನು ಕೂಡಿಸುವುದು ಸುಲಭ. ಬಾದಶಹರು ಹೋದ ಮೇಲೆ ಕೇಳಲು ಯಾರೂ ಬರುವುದಿಲ್ಲ. ಒಕ್ಕಲಿಗರ ಸಾಮಾನಿಗೆ ವಾರಸುದಾರರು ಓಣಿತುಂಬ ಇರುತ್ತಾರೆ. ಅದೇ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರನ್ನು ಕೇಳಿದ್ದರೆ ಹೇಳುತ್ತಿದ್ದರು. ವಚನದ ತಾಡೋಲೆಗಳು ಮನೆಮನೆಯ ಜಗಲಿಯ ಮೇಲೆ ವಿಭೂತಿ ಪತ್ರಿ ಏರಿಸಿಕೊಂಡು ಕೂತಿದ್ದವು. ಪೂಜೆಗೆ ಇಟ್ಟದ್ದನ್ನು ಬಿಚ್ಚಿ ಓದುತ್ತೇನೆಂದರೆ ಯಾರು ಕೊಡುತ್ತಾರೆ? ಆ ಮಹಾನುಭಾವರು ಅವನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದು, ಮನೆ ಮಾರಿ ಮುದ್ರಣಾಲಯ ಹಾಕಿದರು. ನಮ್ಮ ಕಟ್ಟೆಯ ಸಭೆಯಲ್ಲಿ ಈ ಕಥೆ ಹೇಳಿದಾಗ ಎಲ್ಲರೂ ಭಕ್ತಿಯಿಂದ ಕೇಳಿದರು. ಮನೆ ಮಾರುವ ಭಾಗ ಬಂದಾಗ ಇಬ್ಬರು ಎದ್ದು ಹೊಲಕ್ಕೆ ಹೋದರು.

ಮೈಸೂರಿಗೆ ಹೋಗಿ ಬಂದ ಒಬ್ಬರು, ಅಲ್ಲಿನ ವಿಶ್ವವಿದ್ಯಾನಿಲಯದ ಜಾನಪದ ಸಂಗ್ರಹಾಲಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿದೆ, ಕೂರಿಗೆ ನೇಗಿಲನ್ನು ಅರಮನೆಯೊಳಗೆ ನೋಡಬಹುದು ಅಂದರು. ಕೇಳಿದ ಮುತ್ಯಾ ಒಬ್ಬ, "ರಾಜಾ ಒಕ್ಕಲತನ ಮಾಡ್ತಿದ್ದನೇನ್ರಿ?" ಅಂದ.

ಸರಿ, ಅರಮನೆ ಬೇಡ, ಒಂದು ಪತ್ರಾಸಿನ ಕೋಣೆ ಸಿಕ್ಕಿತೆನ್ನಿ. ಒಳಗೇನು ಇಡುವುದು? ನಮ್ಮ ಸೀಮೆಯ ದೊಡ್ಡ ಬುದ್ಧಿವಂತಿಕೆ ಅಂದರೆ ಹಗೇವು. ನೆಲದೊಳಗೆ ಆಳಕ್ಕೆ ತೋಡಿ, ಹುಲ್ಲು ಹಾಸಿ, ಬಿಳಿಜೋಳ ತುಂಬಿ ಬಾಯಿ ಮುಚ್ಚಿದರೆ ಮಳೆ ಕೈಕೊಟ್ಟ ವರ್ಷಕ್ಕೆ ಅದೇ ಜೀವ. ಸಿಮೆಂಟಿನ ರಸ್ತೆ ಬಂದಾಗ ಎಷ್ಟೋ ಹಗೇವು ಮುಚ್ಚಿಹೋದವು. ಮ್ಯೂಸಿಯಮ್ಮಿಗೆ ಒಂದು ಬೇಕೇ ಬೇಕು. ಆದರೆ ಹಗೇವು ಎಂಬುದು ಒಂದು ತೆಗ್ಗು. ತೆಗ್ಗನ್ನು ಯಾವ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುವುದು?

ತಾಮ್ರ ಹಿತ್ತಾಳೆಯ ಕಥೆ ಬೇರೆ. ಕೊಪ್ಪರಿಗೆ, ಹಂಡೆ, ಗಂಗಾಳ ಯಾರಲ್ಲಿವೆ ಎಂದು ಕೇಳಿದರೆ ಹಿರಿಯರು ಒಂದೇ ಮಾತು ಹೇಳುತ್ತಾರೆ: "ಎಪ್ಪತ್ತೆರಡರ ಬರದಾಗ ಹೋದೂರಿ." ಸೊಲ್ಲಾಪುರದ ಪೇಟೆಯಲ್ಲಿ ತೂಕಕ್ಕೆ ಹಾಕಿ ಜೋಳ ತಂದರಂತೆ. ದಿಲ್ಲಿಯಲ್ಲಿ ಪುರಾವಸ್ತುಗಳ ಕಾಯ್ದೆ ಆದದ್ದು ಅದೇ 1972ರಲ್ಲಿ. ನೂರು ವರ್ಷ ದಾಟಿದ ವಸ್ತುವಾದರೆ ಪುರಾವಸ್ತು. ಇತಿಹಾಸದ, ಸಾಹಿತ್ಯದ ಬೆಲೆಯುಳ್ಳ ಹಸ್ತಪ್ರತಿಗೆ ಎಪ್ಪತ್ತೈದು ಸಾಕು. ಅತ್ತ ಹಳೆಯ ಸಾಮಾನು ದೇಶ ಬಿಟ್ಟು ಹೋಗದಿರಲೆಂದು ಕಾಯ್ದೆ, ಇತ್ತ ಹಳೆಯ ಸಾಮಾನು ಹೊಟ್ಟೆಗಾಗಿ ಮನೆ ಬಿಟ್ಟು ಹೋಗುತ್ತಿತ್ತು. ಯಾರನ್ನೂ ಬಯ್ಯುವ ಹಾಗಿಲ್ಲ. ಈ ಲೆಕ್ಕದಲ್ಲಿ ಗೆಳೆಯರು ಹಾಡು ಬರೆದುಕೊಂಡ ವಹಿಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ಎಂದೋ ಪುರಾವಸ್ತುಗಳಾಗಿವೆ. ಗೆದ್ದಲಿಗೆ ಕಾಯ್ದೆ ಓದಲು ಬರುವುದಿಲ್ಲ, ಅಷ್ಟೇ ಚಿಂತೆ.

ಲಾವಣಿಯ ಗೋಷ್ಠಿ ಇನ್ನೂ ಫಜೀತಿ. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರ ಬಾಳಿದ ಊರು ಇದು. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಡಪ್ಪು ಬಾರಿಸುತ್ತ ಬೆಳತನಕ ವಾದ ಹಾಕುತ್ತಿದ್ದರು. ಆ ಡಪ್ಪು, ತುಂತುಣಿ ತಂದು ಗಾಜಿನೊಳಗೆ ಇಡಬಹುದು. ಹರದೇಶಿಯದು ಮೇಲಿನ ಹಲಗೆಯ ಮೇಲೋ, ನಾಗೇಶಿಯದು ಮೇಲಿನ ಹಲಗೆಯ ಮೇಲೋ? ನೂರಾರು ರಾತ್ರಿ ಹಾಡಿ ಇತ್ಯರ್ಥವಾಗದ್ದನ್ನು ನಮ್ಮ ಕಮಿಟಿ ಬಡಿಗೇರನಿಗೆ ಹೇಳಿ ಇತ್ಯರ್ಥ ಮಾಡಬೇಕು.

ಕೊನೆಗೆ ಎಲ್ಲರೂ ಒಪ್ಪಿದ್ದು ಬೀಸುಕಲ್ಲಿನ ಮೇಲೆ. 'ಗರತಿಯ ಹಾಡು' ಹುಟ್ಟಿದ್ದೇ ಅದರ ಮಗ್ಗುಲಲ್ಲಿ. ಗಿರಣಿ ಬಂದ ಮೇಲೆ ಅದನ್ನು ತಿರುವುವವರಿಲ್ಲ, ಆದ್ದರಿಂದ ಸುಲಭವಾಗಿ ಸಿಗುತ್ತದೆ ಎಂಬುದು ನಮ್ಮ ಅಂದಾಜು. ನೋಡಿದರೆ, ಕಲ್ಲೇನೋ ಮನೆಮನೆಗೂ ಇದೆ, ಜೋಡಿ ಮಾತ್ರ ಕೂಡಿ ಇಲ್ಲ. ಕೆಳಗಿನದು ಬಚ್ಚಲ ಮುಂದೆ ಕಾಲು ತಿಕ್ಕುವ ಕಲ್ಲಾಗಿದೆ. ಮೇಲಿನದು ಗಾಳಿಗೆ ಹಾರದಂತೆ ಪತ್ರಾಸಿನ ಮೇಲೆ ಏರಿದೆ. ಒಂದು ಮನೆಯಲ್ಲಿ ನಡುವಿನ ತೂತಿಗೆ ಕೋಲು ನಿಲ್ಲಿಸಿ ಟಿವಿಯ ಡಿಶ್ ಕಟ್ಟಿದ್ದರು.

ಇಡಿಯಾದ ಜೋಡಿ ಇದ್ದದ್ದು ಓಣಿಯೆಲ್ಲ ಆಯಿ ಎಂದು ಕರೆಯುವ ಒಬ್ಬ ಮುದುಕಿಯ ಪಡಸಾಲೆಯಲ್ಲಿ. ತೊಂಬತ್ತಕ್ಕೆ ಹತ್ತಿರದ ಜೀವ. ಅಂಚು ಸವೆದು ಮೇಲಿನ ಕಲ್ಲು ಒಂದು ಕಡೆ ತೆಳ್ಳಗಾಗಿದೆ. ಗೂಟ ಜಾಲಿಯದು, ಕೈ ಹಿಡಿದ ಜಾಗ ನುಣುಪಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಕಲ್ಲಿನ ಬಾಯಲ್ಲಿ ಎಂದೋ ಬೀಸಿದ ಅರಿಷಿಣದ ಹಳದಿ. ನಾನು ಪೀಠಿಕೆ ಹಾಕಿ, "ಯವ್ವಾ, ಎರಡು ಬೀಸೂ ಹಾಡ ಹೇಳ, ಮೊಬೈಲಿನಾಗ ಹಿಡಕೋತೀನಿ" ಅಂದೆ.

"ಬರಂಗಿಲ್ರೀ ಮಾಸ್ತರ್ರ."

"ಮರತೀಯೇನ?"

"ಮರಿಯಾಕ ಅದೇನ ಸಾಲ್ಯಾಗ ಕಲತದ್ದ? ಕೈಯಾಗ ಗೂಟ ಇದ್ರ ಬಾಯಾಗ ಬರತಾವು. ಸುಮ್ಮ ಕುಂತ ಹಾಡಾಕ ನಾ ಏನ ಭಜನೀಯಾಕಿ?"

ಮೊಮ್ಮಗಳು ಒಂದು ಬೊಗಸೆ ಜೋಳ ತಂದಳು. ಆಯಿ ಒಂದು ಕಾಲು ಚಾಚಿ ಕೂತು ಕಲ್ಲು ತಿರುವಿದಳು. ಎರಡು ಸುತ್ತಿನ ತನಕ ಬರೀ ಕಲ್ಲಿನ ಸಪ್ಪಳ. ಮೂರನೆಯದಕ್ಕೆ ತವರು ಬಂತು, ಅಣ್ಣ ಬಂದ, ಅಣ್ಣನ ಹಿಂದೆ ಅಣ್ಣನ ಹೆಂಡತಿ ಬಂದಳು. ಅವಳ ಬಗ್ಗೆ ಅಷ್ಟು ಒಳ್ಳೆಯ ಮಾತೇನೂ ಇರಲಿಲ್ಲ. ಜೋಳ ಮುಗಿದೊಡನೆ ಹಾಡೂ ನಿಂತಿತು. ಇನ್ನೊಂದು ಅಂದರೆ, "ಇನ್ನೊಂದ ಬೊಗಸಿ ಹಾಕ್ರಿ" ಅಂದಳು. ಹೆಂಗಸರ ಮುಂದೆ ನಾಚದೆ ಕೂತು ಸಾವಿರಾರು ತ್ರಿಪದಿ ಬರೆದುಕೊಂಡ ಆ ಗಂಡಸರು ಎಷ್ಟು ಚೀಲ ಜೋಳ ಬೀಸಿಸಿರಬೇಕೋ!

ಧೈರ್ಯ ಮಾಡಿ ಕಲ್ಲು ಕೇಳಿದೆ. ಆಯಿ ಇಲ್ಲ ಅನ್ನಲಿಲ್ಲ. "ಒಯ್ಯಿರಿ. ಆದ್ರ ಮೊಮ್ಮಗಳ ಲಗ್ನದಾಗ ಕಲ್ಲ ಪೂಜಿ ಆಗಬೇಕಲ್ಲ? ಐದ ಮಂದಿ ಮುತ್ತೈದೇರು ಅರಿಷಿಣ ಬೀಸಾಕ ಕಲ್ಲ ಎಲ್ಲಿಂದ ತರೂದು? ಆವಾಗ ತಂದಕೊಡ್ರಿ. ಓಣ್ಯಾಗ ಯಾರದ ಲಗ್ನ ಇದ್ರೂ ಇದ ಕಲ್ಲ ಒಯ್ತಾರ, ಅವ್ರಿಗೂ ಕೊಡಬೇಕಾಗತೈತಿ."

ಈ ಷರತ್ತನ್ನು ಕಟ್ಟೆಯ ಸಭೆಯಲ್ಲಿ ಇಟ್ಟೆ. ಮ್ಯೂಸಿಯಮ್ಮಿನ ವಸ್ತುವನ್ನು ಮುಟ್ಟಬಾರದು ಎಂಬುದು ಎಲ್ಲ ಕಡೆಯ ನಿಯಮವೆಂದು ಕಲಿತ ಹುಡುಗರು ವಾದಿಸಿದರು. ಅರಿಷಿಣ ಹತ್ತದ ಬೀಸುಕಲ್ಲು ಬರೀ ಕಲ್ಲು, ಆಯಿ ಹೇಳಿದ್ದೇ ಖರೆ ಎಂದು ನಾನು ಹಟ ಹಿಡಿದೆ. ಹೆಣ್ಣುಮಕ್ಕಳ ಕಡೆಯಿಂದ ಬಂದ ಮತಗಳಿಂದ ನಾನು ಗೆದ್ದೆ. ರಿಜಿಸ್ಟರಿನಲ್ಲಿ ಒಂದು ಹೆಚ್ಚಿನ ಕಾಲಂ ಹಾಕಿಸುವುದೆಂದೂ, ಅದರಲ್ಲಿ 'ಲಗ್ನಕ್ಕೆ ಹೋಗಿದೆ' ಎಂದು ಬರೆಯುವುದೆಂದೂ ಠರಾವಾಯಿತು. ಕಲ್ಲು ಒಯ್ದು ತರುವ ಟಂಟಂ ಬಾಡಿಗೆಯನ್ನು ಹೆಣ್ಣಿನ ಕಡೆಯವರು ಕೊಡಬೇಕೋ, ಗಂಡಿನ ಕಡೆಯವರು ಕೊಡಬೇಕೋ, ಮ್ಯೂಸಿಯಮ್ಮೇ ಕೊಡಬೇಕೋ ಎಂಬುದರ ಚರ್ಚೆ ನಡೆದಿದೆ. ಹರದೇಶಿ ಪಕ್ಷದವರು ಹೆಣ್ಣಿನ ಕಡೆಯವರೇ ಕೊಡಲಿ ಅನ್ನುತ್ತಿದ್ದಾರೆ.