ಮರಿಗಿಂತ ಮೊದಲು ಗೂಡು

ಮೊಲ ಸಾಕ್ತೀನಿ ಅಂತ ನಿಮ್ಮ ಮಗ ಹಟ ಹಿಡಿದಿದಾನಂತೆ ಅಕ್ಕ, ನಮ್ಮನೆಯವರು ಹೇಳಿದ್ರು. ಸಾಕಲಿ ಬಿಡಿ, ಒಳ್ಳೇದೇ. ಹಿತ್ತಲಲ್ಲಿ ಜಾಗ ಇದೆ, ಬೇಲಿ ಪಕ್ಕ ಹಿಪ್ಪುನೇರಳೆ ಗಿಡಾನೂ ಸೊಂಪಾಗಿ ಬಂದಿದೆ. ಆದ್ರೆ ಮೊಲ ತರೋಕೆ ಮುಂಚೆ ಗೂಡು ಮಾಡಿಸಿ. ಎಷ್ಟು ಗೂಡೋ ಅಷ್ಟೇ ಮೊಲ. ಹೊಸಬರಿಗೆಲ್ಲ ನಾನು ಮೊದಲು ಹೇಳೋದು ಇದನ್ನೇ.

ಲೆಕ್ಕ ಹಾಕಿ ನೋಡಿ. ಒಂದು ಗಂಡು, ಎರಡು ಹೆಣ್ಣು ತರ್ತೀರಿ ಅನ್ನಿ. ಗಬ್ಬ ನಿಂತ್ರೆ 31 ದಿನಕ್ಕೆ ಮರಿ ಹಾಕುತ್ತೆ, ಒಂದು ದಿನ ಹಿಂದೆ ಮುಂದೆ ಅಷ್ಟೆ. ವರ್ಷಕ್ಕೆ 5 ಸೂಲು, ಸೂಲಿಗೆ 6 ಮರಿ ಅಂದ್ರೂ ಎರಡು ಹೆಣ್ಣಿಂದ 60 ಮರಿ. 3 ತಿಂಗಳು ತುಂಬೋದ್ರೊಳಗೆ ಗಂಡು ಹೆಣ್ಣು ಬೇರೆ ಮಾಡ್ಬೇಕು. ದೊಡ್ಡ ಗಂಡುಗಳನ್ನ ಒಂದೇ ಗೂಡಲ್ಲಿ ಬಿಟ್ರೆ ಕಚ್ಚಾಡಿ ಗಾಯ ಮಾಡ್ಕೊಳ್ತವೆ. ಅಷ್ಟನ್ನೂ ಎಲ್ಲಿಡ್ತೀರಿ, ಯಾರು ತಗೋತಾರೆ? ‘ಮರಿ ಎಲ್ಲಾ ನಾವೇ ವಾಪಸ್ ಕೊಳ್ತೀವಿ’ ಅಂತ ಜೋಡಿ ಮಾರೋರು ಬರ್ತಾರೆ, ಆ ಮಾತು ನಂಬಿ ಸಾಲ ಮಾಡ್ಬೇಡಿ. ಸುತ್ತಮುತ್ತ ಕೊಳ್ಳೋರು ಇದಾರಾ ಅಂತ ನೀವೇ ವಿಚಾರಿಸಿ. ಇಲ್ಲದಿದ್ರೆ ಕೂಡಿಸೋದು ಬೇಡ. ಅದು ನಮ್ಮ ಕೈಲೇ ಇದೆಯಲ್ಲ!

ದೊಡ್ಡ ಮೊಲಕ್ಕೆ ಒಂದೊಂದಕ್ಕೂ ಎರಡೂವರೆ ಅಡಿ ಉದ್ದ, ಎರಡಡಿ ಅಗಲದ ಗೂಡಾದ್ರೂ ಬೇಕು. ನೆಲದಿಂದ ಮೇಲಿರಲಿ, ನಾಯಿ ಬೆಕ್ಕಿಗೆ ಸಿಗಬಾರದು. ತಳಕ್ಕೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಹಿಕ್ಕೆ ಕೆಳಗೆ ಬೀಳುತ್ತೆ, ಗುಡಿಸಿ ಗಿಡಕ್ಕೆ ಹಾಕ್ಬೋದು. ಬರೀ ತಂತಿ ಮೇಲೇ ನಿಂತ್ರೆ ಅಂಗಾಲು ಹುಣ್ಣಾಗುತ್ತೆ, ಒಂದು ಮೂಲೇಲಿ ಹಲಗೆ ಇಡಿ. ಚಳಿ ತಡ್ಕೊಳ್ಳುತ್ತೆ ಅಕ್ಕ, ಸೆಕೆ ತಡ್ಕೊಳ್ಳಲ್ಲ. ಬೇಸಿಗೇಲಿ ಗಂಡಿನ ಶಕ್ತಿನೂ ಕುಗ್ಗುತ್ತೆ, ಗಬ್ಬ ನಿಲ್ಲಲ್ಲ. ನಿಮ್ಮ ದೊಡ್ಡ ಬೇವಿನ ಮರದ ನೆರಳಲ್ಲೇ ಇಡಿ, ಮಧ್ಯಾಹ್ನ ಗೋಣಿಚೀಲ ನೆನೆಸಿ ಪಕ್ಕಕ್ಕೆ ಇಳಿಬಿಡಿ.

ತರೋವಾಗ ಒಂದೇ ಸೂಲಿನ ಅಣ್ಣ ತಂಗಿ ತರಬೇಡಿ. ನಮ್ಮ ಕಡೆ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ತಳಿ ಸಿಗ್ತವೆ. ಕಿವಿ ಒಳಗೆ ಬಗ್ಗಿ ನೋಡಿ, ಕಂದು ಹಕ್ಕಳೆ ಕಟ್ಟಿದ್ರೆ ಅದು ಕಜ್ಜಿ, ಬೇಡ. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯಂತೂ ಮುಟ್ಟೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದರ ಜಾತಿಯೇ ಬೇರೆ, ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ಬಿಟ್ಟಿರುತ್ತೆ.

ಕೂಡಿಸೋಕೆ ಹೆಣ್ಣಿಗೆ 6 ತಿಂಗಳು ತುಂಬಲಿ, ಗಂಡಿಗೆ ಇನ್ನೂ ಒಂದೆರಡು ತಿಂಗಳು ಹೆಚ್ಚಾದ್ರೆ ಒಳ್ಳೇದು. ಕೂಡಿಸೋವಾಗ ಹೆಣ್ಣನ್ನೇ ಗಂಡಿನ ಗೂಡಿಗೆ ಬಿಡ್ಬೇಕು. ಹೆಣ್ಣಿನ ಗೂಡಿಗೆ ಗಂಡು ಹೋದ್ರೆ ತನ್ನ ಜಾಗಕ್ಕೆ ಬಂತು ಅಂತ ಹೆಣ್ಣು ಮೈಮೇಲೆ ಬೀಳುತ್ತೆ. ಗಂಡು ಪಕ್ಕಕ್ಕೆ ಉರುಳಿತು ಅಂದ್ರೆ ಕೆಲಸ ಆಯ್ತು, ಹೆಣ್ಣನ್ನ ವಾಪಸ್ ಬಿಡಿ, ತಾರೀಖು ಬರೆದಿಡಿ. ಎರಡು ಹೆಣ್ಣನ್ನೂ ಅದೇ ದಿನ ಕೂಡಿಸಿದ್ರೆ, ಒಂದಕ್ಕೆ 10 ಮರಿ, ಇನ್ನೊಂದಕ್ಕೆ 4 ಆದಾಗ ಮರಿ ಹಂಚಿ ಹಾಲು ಕುಡಿಸ್ಬೋದು.

ಕೂಡಿಸಿದ 28ನೇ ದಿನಕ್ಕೆ ಹೆಣ್ಣಿನ ಗೂಡಲ್ಲಿ ಒಂದು ಮರದ ಪೆಟ್ಟಿಗೆ, ಒಣಹುಲ್ಲು ಇಟ್ಬಿಡಿ. ಆಮೇಲೆ ನೋಡ್ಬೇಕು ಅಕ್ಕ ಅದರ ಆಸ್ಥೆ! ಬಾಯ್ತುಂಬ ಹುಲ್ಲು ಕಚ್ಕೊಂಡು ಓಡಾಡುತ್ತೆ, ತನ್ನ ಎದೆ ಹೊಟ್ಟೆ ಕೂದಲನ್ನೇ ಕಿತ್ತು ಕಿತ್ತು ಮೆತ್ತೆ ಮಾಡುತ್ತೆ. ಮರಿಗಳು ಬರಿಮೈ, ಕಣ್ಣು ಮುಚ್ಚಿರ್ತವೆ, 10–12 ದಿನಕ್ಕೆ ಬಿಡ್ತವೆ. ತಾಯಿ ಹತ್ರಾನೇ ಹೋಗಲ್ಲ ಅಂತ ಎಲ್ಲರೂ ಗಾಬರಿ ಆಗ್ತಾರೆ. ಅದು ದಿನಕ್ಕೆ ಒಂದು ಸಲ, ಅದೂ ಮೂರ್ನಾಲ್ಕು ನಿಮಿಷ ಹಾಲು ಕೊಡೋದು. ಬೆಳಿಗ್ಗೆ ಕೈ ತೊಳ್ಕೊಂಡು ಮರಿ ಹೊಟ್ಟೆ ನೋಡಿ. ಚರ್ಮ ಬಿಗಿಯಾಗಿ ಹೊಟ್ಟೆ ಗುಂಡಗಿದ್ರೆ ಕುಡಿದಿದೆ. ಮೈ ಸುಕ್ಕುಸುಕ್ಕಾಗಿದ್ರೆ ಕುಡಿದಿಲ್ಲ, ಆಗ ಇನ್ನೊಂದು ತಾಯಿ ಹತ್ರ ಬಿಡಿ. ಸತ್ತ ಮರಿ ಇದ್ರೆ ತಕ್ಷಣ ತೆಗೀರಿ.

ಮೇವಿಗೆ ಒಣಹುಲ್ಲು, ಗರಿಕೆ, ಕುದುರೆ ಮಸಾಲೆ, ಹಿಪ್ಪುನೇರಳೆ ಸೊಪ್ಪು. ಕ್ಯಾರೆಟ್ ಸಿಹಿ, ರುಚಿಗೆ ಒಂದು ತುಂಡು ಸಾಕು. ಮಂಜು ಹಿಡಿದ ಸೊಪ್ಪು ಹಾಗೇ ಹಾಕ್ಬೇಡಿ, ನೆರಳಲ್ಲಿ ಬಾಡಿಸಿ ಹಾಕಿ. ಹೊಸ ಮೇವು ಒಂದೇ ಸಲ ಕೊಟ್ರೆ ಹೊಟ್ಟೆ ಉಬ್ಬುತ್ತೆ, ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಮೇವು ಬಿಟ್ಟು ಮುದುರಿ ಕೂತಿದೆ ಅಂದ್ರೆ ಮಾರನೇ ದಿನದವರೆಗೂ ಕಾಯ್ಬೇಡಿ, ಪಶುವೈದ್ಯರ ಹತ್ರ ಹೋಗಿ.

ಭಾನುವಾರ ಮಗನ್ನ ಕಳಿಸಿ ಅಕ್ಕ, ಟೇಪು, ಪುಸ್ತಕ ತಗೊಂಡು ಬರಲಿ. ನಮ್ಮ ಗೂಡಿನ ಅಳತೆ ಬರ್ಕೊಳ್ಳಲಿ, ಒಂದು ವಾರ ನಮ್ಮ ಮೊಲಗಳಿಗೇ ಸೊಪ್ಪು ಹಾಕಿ ಹಿಕ್ಕೆ ಗುಡಿಸಲಿ. ಆಮೇಲೂ ಬೇಕು ಅಂದ್ರೆ ಗಂಡು ನಾನೇ ಕೊಡ್ತೀನಿ, ಹೆಣ್ಣು ಬೇರೆ ಕಡೆಯಿಂದ ತನ್ನಿ.